ಗಣೆಯ ಮೇಲಿನ ಮಗು: ಬೀದರ ಸೀಮೆಯ ಡೊಂಬರಾಟ ಮತ್ತು ಅದರ ಶಿಕ್ಷಣಕ್ರಮ

ಕನ್ನಡ ನಾಡಿನ ಪ್ರದರ್ಶನಕಲೆಗಳನ್ನು ಕುರಿತು ಬರೆದವರು ಬಯಲಾಟ, ದೊಡ್ಡಾಟ, ಸಣ್ಣಾಟಗಳಿಗೆ ಕೊಟ್ಟ ಗಮನವನ್ನು ಡೊಂಬರಾಟಕ್ಕೆ ಕೊಟ್ಟುದು ವಿರಳ. ಇದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ. ಡೊಂಬರಾಟದಲ್ಲಿ ಪದ್ಯವಿಲ್ಲ, ಅರ್ಥಗಾರಿಕೆಯಿಲ್ಲ, ಓಲೆಗರಿಯ ಪ್ರತಿಯಿಲ್ಲ. ಸಂಪಾದಿಸುವುದಕ್ಕೆ ಪಾಠವೇ ಇಲ್ಲದ ಕಲೆಯನ್ನು ಸಂಪಾದಕರು ಬಿಟ್ಟುದು ಆಶ್ಚರ್ಯವಲ್ಲ. ಆದರೆ ಈ ವಿದ್ಯೆಗೆ ಒಂದು ಕ್ರಮಬದ್ಧವಾದ ಶಿಕ್ಷಣವಿದೆ. ಅದು ಐದಾರು ವರ್ಷದ ಶಿಶುವಿನಿಂದ ಆರಂಭವಾಗಿ ತಾರುಣ್ಯದೊಳಗೆ ಪರಿಪಾಕಕ್ಕೆ ಬರತಕ್ಕುದು. ಊರಿಂದೂರಿಗೆ ಸಂಚರಿಸುತ್ತ, ಕಲಿಯುತ್ತ, ಕಲಿತುದನ್ನು ಅಂದಂದೇ ಆಡಿ ತೋರಿಸುತ್ತ ಬೆಳೆಯುವ ಮಕ್ಕಳ ಈ ಪರಂಪರೆಗೆ ಸಂಬಂಧಿಸಿದ ಸಾಹಿತ್ಯಾಧಾರಗಳನ್ನೂ ಇಂದಿನ ನಿರ್ಬಂಧಗಳನ್ನೂ ಬೀದರ, ಭಾಲ್ಕಿ, ಔರಾದಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಪ್ರಕೃತ ಲೇಖನದ ವಿಷಯ.

ಈ ಸೀಮೆಯನ್ನು ಆರಿಸಿಕೊಳ್ಳಲು ಎರಡು ಕಾರಣಗಳುಂಟು. ಮೊದಲನೆಯದು ಭಾಷೆಯದು. ಔರಾದ ತಾಲೂಕು ಕರ್ನಾಟಕದ ಉತ್ತರದ ತುದಿ. ಅದರ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಕನ್ನಡ, ಮರಾಠಿ, ತೆಲುಗು, ದಖ್ಖನಿ ಉರ್ದುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಪ್ರದೇಶದಲ್ಲಿ ಸಂಚಾರಿಗಳಾದ ಆಟಗಾರರ ಹೆಸರುಗಳೂ ಅವರ ವಿದ್ಯೆಯ ಪಾರಿಭಾಷಿಕ ಶಬ್ದಗಳೂ ನಾಲ್ಕು ಮೂಲಗಳಿಂದ ಬಂದು ಕೂಡಿಕೊಂಡಿವೆ. ಎರಡನೆಯದು ಗ್ರಂಥಾಧಾರದ್ದು. ದಕ್ಷಿಣದ ದೇಹಸಾಧನೆಯನ್ನು ಶಾಸ್ತ್ರರೀತಿಯಿಂದ ವಿವರಿಸುವ ಒಂದು ಮುಖ್ಯ ಗ್ರಂಥ ಹುಟ್ಟಿದುದು ಇದೇ ಜಿಲ್ಲೆಯ ಕಲ್ಯಾಣದಲ್ಲಿ.

ಆ ಗ್ರಂಥ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ೧೧೨೬ರಿಂದ ೧೧೩೮ರವರೆಗೆ ಆಳಿದ ಈತನಿಗೆ ಭೂಲೋಕಮಲ್ಲನೆಂಬ ಬಿರುದಿತ್ತು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ವಿಭಾಗಗೊಂಡ ಈ ಸಂಸ್ಕೃತ ಕೋಶದ ನಾಲ್ಕನೆಯ ಭಾಗ ರಾಜನ ವಿನೋದಗಳಿಗೆ ಮೀಸಲು. ಅದರಲ್ಲಿ ಬರುವ ಮಲ್ಲವಿನೋದದ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವಿಂಗಡಿಸಿದೆ. ಅವರ ವ್ಯಾಯಾಮವೇನು, ಆಹಾರವೇನು ಎಂಬುದನ್ನು ವಿಧಿಸಿದೆ. ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸತಕ್ಕುದೆಂದು ಹೇಳಿದೆ. ಕಂಬವನ್ನು ಆಶ್ರಯಿಸಿದ ಸಾಧನೆಯ ಪ್ರಸ್ತಾಪವೂ ಅಲ್ಲಿ ಬರುವುದರಿಂದ ಮಲ್ಲಕಂಬದ ಚರಿತ್ರೆಯನ್ನು ಬರೆಯುವವರು ಈ ಗ್ರಂಥದಿಂದಲೇ ತೊಡಗುತ್ತಾರೆ. ಇಲ್ಲಿ ಗಮನಿಸಬೇಕಾದುದು ಒಂದುಂಟು. ತರುಣನ ದೇಹವನ್ನು ಪಳಗಿಸುವ ಹೊಣೆ ಯಾರದೋ ಅವನಿಗೆ ಉಣಿಸುವ ಹೊಣೆಯೂ ಅವರದೇ ಎಂಬುದು ಸೋಮೇಶ್ವರನ ಮತ. ಅರಮನೆಯ ಮಲ್ಲನಿಗೆ ದೊರೆತ ಈ ಆಶ್ವಾಸನೆ ಬೀದಿಯ ಡೊಂಬನಿಗೆ ಎಂದೂ ದೊರೆಯಲಿಲ್ಲ.

ಕಲ್ಯಾಣದ ಶರಣರ ಮಂಡಲಿಯಲ್ಲಿ ಸಂಚಾರಿ ಕಲಾವಿದರಿಗೂ ಸ್ಥಾನವಿದ್ದುದು ಸುವಿದಿತವೇ. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದ ಬಹುರೂಪಿ ಚೌಡಯ್ಯನ ಕಾಯಕ ಹಲವು ವೇಷಗಳನ್ನು ತೊಟ್ಟು ಆಡುವುದಾಗಿತ್ತು. ಕಲಕೇತಯ್ಯನದೂ ಜನರನ್ನು ರಂಜಿಸುವ ಕಾಯಕವೇ. ಆಟದಿಂದ ಹೊಟ್ಟೆಹೊರೆಯುವುದು ಭಿಕ್ಷೆಯಲ್ಲ, ಕಾಯಕವೆಂದು ಆ ಮಂಡಲಿ ಅಂಗೀಕರಿಸಿತ್ತು. ಮುಂದೆ ಬರುವ ಕಾನೂನಿನ ವಿಚಾರಕ್ಕೆ ಈ ಅಂಶ ಉಪಯುಕ್ತವಾದುದು.

ಇನ್ನು ಹೆಸರುಗಳು. ಡೊಂಬ ಶಬ್ದ ಸಂಸ್ಕೃತದ ಡೋಂಬ ಶಬ್ದಕ್ಕೆ ಸಂಬಂಧಿಸಿದುದು. ಕಲ್ಹಣನ ರಾಜತರಂಗಿಣಿಯಲ್ಲಿ ಡೋಂಬರು ಗಾಯಕರಾಗಿ ಬರುತ್ತಾರೆ. ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಡೋಂಬಿಕೆಯೆಂಬ ಒಂದು ನೃತ್ಯಪ್ರಬಂಧದ ಹೆಸರಿದೆ. ಹಾಡುಕುಣಿತಗಳ ಈ ಶಬ್ದ ಕನ್ನಡದಲ್ಲಿ ಮುಖ್ಯವಾಗಿ ಲಾಗ ಹಾಕುವವನಿಗೂ ಗಣೆಯೇರುವವನಿಗೂ ನಿಂತಿತು. ತೆಲುಗಿನಲ್ಲಿ ಇವರು ದೊಮ್ಮರರು. ಮರಾಠಿಯಲ್ಲಿ ಡೊಂಬಾರಿ ಮತ್ತು ಕೊಲ್ಹಾಟಿ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಕೊಲ್ಹಾಟಿ ಎಂಬುದು ಆಟದ ಉದ್ದನೆಯ ಗಣೆಯಿಂದ ಬಂದ ಹೆಸರೆಂದು ೧೯೧೬ರಲ್ಲಿ ಮಧ್ಯಪ್ರಾಂತಗಳ ಜಾತಿಗಳನ್ನು ಕುರಿತು ಬರೆದ ರಸೆಲ್ ಮತ್ತು ಹೀರಾಲಾಲರು ದಾಖಲಿಸಿದ್ದಾರೆ. ಲಾಗಕ್ಕೆ ಮರಾಠಿಯಲ್ಲಿ ಕೋಲಾಂಟಿ ಎನ್ನುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ಪಾರಸಿಯಿಂದ ಬಂದ ಬಾಜೀಗರ ಶಬ್ದ ದಖ್ಖನಿಯಲ್ಲಿ ಉಂಟು. ಶಿಕ್ಷಣದ ಶಬ್ದಗಳಂತೂ ಬಹಮನಿ, ಬರೀದಶಾಹಿಗಳಿಂದ ನಿಜಾಮನವರೆಗಿನ ಆಳ್ವಿಕೆಯ ಗುರುತನ್ನು ಹೊತ್ತಿವೆ: ತಾಲೀಮು, ಕಸರತ್ತು ಎಂಬಿವು ಅರಬ್ಬಿಯಿಂದ, ವಸ್ತಾದ ಎಂಬುದು ಪಾರಸಿಯ ಉಸ್ತಾದದಿಂದ ಬಂದವು. ಲಾಗ, ಗಣೆ, ಹಗ್ಗ, ಮಿಣಿ, ಹಲಗೆ ಮೊದಲಾದ ಮಾತುಗಳು ಮಾತ್ರ ಕನ್ನಡಿಗನ ಬಾಯಲ್ಲಿ ಹಳೆಯವಾಗಿಯೇ ಉಳಿದಿವೆ. ಆಡುಮಾತಿನಲ್ಲಿ ‘ಎಲ್ಲಾ ಡೊಂಬರಾಟ’ ಎಂದರೆ ಬೂಟಾಟಿಕೆಯೆಂದು ಅರ್ಥ. ಬೂಟಾಟಿಕೆಗೆ ಎಳ್ಳಷ್ಟೂ ಎಡೆಯಿಲ್ಲದ ವಿದ್ಯೆಯೊಂದಕ್ಕೆ ಈ ಅಪಾರ್ಥ ಅಂಟಿಕೊಂಡುದು ವಿಚಿತ್ರವೇ ಸರಿ. ಇಪ್ಪತ್ತಡಿ ಎತ್ತರದಲ್ಲಿ ನಟನೆ ನಡೆಯುವುದಿಲ್ಲ.

ಗಣೆಯಾಟವನ್ನು ಕುರಿತ ಪ್ರಾಚೀನ ಉಲ್ಲೇಖಗಳಲ್ಲಿ ಅತ್ಯಂತ ಅರ್ಥಗರ್ಭಿತವಾದುದು ಪಾಳಿಯ ಸಂಯುತ್ತ ನಿಕಾಯದಲ್ಲಿದೆ. ಸೇದಕವೆಂಬ ಊರಿನಲ್ಲಿ ಬುದ್ಧನು ಹೇಳಿದ ದೃಷ್ಟಾಂತವದು. ಬಿದಿರುಗಣೆಯ ಆಟಗಾರನೊಬ್ಬನು ಗಣೆಯನ್ನು ನಿಲ್ಲಿಸಿ ಮೇದಕಥಾಲಿಕಾ ಎಂಬ ಶಿಷ್ಯನನ್ನು ಕರೆದು, ಗಣೆಯನ್ನೇರಿ ತನ್ನ ಹೆಗಲ ಮೇಲೆ ನಿಲ್ಲುವಂತೆ ಹೇಳುತ್ತಾನೆ. ನೀನು ನನ್ನನ್ನು ಕಾಯಿ, ನಾನು ನಿನ್ನನ್ನು ಕಾಯುತ್ತೇನೆ, ಹಾಗಾದರೆ ವಿದ್ಯೆಯನ್ನು ತೋರಿಸಿ ಸಂಭಾವನೆ ಪಡೆದು ಸುಖವಾಗಿ ಇಳಿಯೋಣ ಎಂಬುದು ಗುರುವಿನ ಅಭಿಪ್ರಾಯ. ಶಿಷ್ಯನು ಇದನ್ನು ಒಪ್ಪುವುದಿಲ್ಲ. ಗುರು ತನ್ನನ್ನು ತಾನು ಕಾದುಕೊಳ್ಳಬೇಕು, ತಾನೂ ತನ್ನನ್ನೇ ಕಾದುಕೊಳ್ಳುವೆನು, ಇಬ್ಬರೂ ಕೆಳಗಿಳಿಯುವುದಕ್ಕೆ ಅದೇ ದಾರಿ ಎಂದು ಅವನ ವಾದ. ಬುದ್ಧನು ಶಿಷ್ಯನ ಪಕ್ಷವನ್ನು ಹಿಡಿಯುತ್ತಾನೆ. ಆದರೆ ತನ್ನನ್ನು ಕಾದುಕೊಳ್ಳುವವನು ಪರರನ್ನೂ ಕಾದಂತಾಯಿತೆಂದೂ, ಸಹನೆ, ಅಹಿಂಸೆ, ಮೈತ್ರಿ, ಅನುಕಂಪೆಗಳಿಂದ ಪರರನ್ನು ಕಾಯುವವನು ತನ್ನನ್ನೂ ಕಾದುಕೊಂಡನೆಂದೂ ಸೇರಿಸುತ್ತಾನೆ. ಆಟಗಾರನಿಗೆ ಅಲ್ಲಿ ಚಂಡಾಲವಂಸಿಕನೆಂಬ ಹೆಸರು. ವಂಶ ಶಬ್ದಕ್ಕೆ ಬಿದಿರೆಂದೂ ಕುಲವೆಂದೂ ಅರ್ಥವಿರುವುದರಿಂದ ಈ ಸಮಾಸ ಎರಡು ಕಡೆಗೂ ಬಾಗುತ್ತದೆ. ಬೀದರಿನ ಹೆಸರನ್ನೇ ಬಿದಿರಿನಿಂದ ಬಿಡಿಸುವವರಿಗೆ ಇದು ಹಿತವಾದೀತು.

ಈ ದೃಷ್ಟಾಂತವನ್ನು ಧ್ಯಾನಮಾರ್ಗದ ಉಪದೇಶವೆಂದು ವ್ಯಾಖ್ಯಾನಕಾರರು ವಿವರಿಸಿರುವುದು ಯುಕ್ತವೇ. ಆದರೆ ಅದು ಆಟದ ಶಾಸ್ತ್ರವನ್ನು ಬಲ್ಲವನ ಮಾತೂ ಹೌದು. ಗಣೆಯ ಮೇಲಿರುವ ಶಿಷ್ಯನು ಗುರುವಿನ ತೂಕವನ್ನು ಸರಿಪಡಿಸಲು ಹೊರಟರೆ ಇಬ್ಬರೂ ಬೀಳುತ್ತಾರೆ. ಕೆಳಗಿರುವವನು ಗಣೆಯ ತುದಿಯನ್ನು ನೋಡಿ ಅಡಿಯನ್ನು ಸರಿಸುತ್ತಾನೆ. ಮೇಲಿರುವವನ ಕೆಲಸ ಅಲುಗದೆ ನಿಲ್ಲುವುದು. ಒಂದು ಗಣೆಗೆ ಇಬ್ಬರು ತೂಕಗಾರರು ಸಲ್ಲರು. ಚಿಕ್ಕ ಮಗುವನ್ನು ಮೇಲಕ್ಕೆ ಕಳುಹಿಸುವುದಕ್ಕೆ ಹಗುರವಾದ ದೇಹ ಒಂದು ಕಾರಣವಾದರೆ, ಅಲುಗದೆ ನಿಲ್ಲುವ ಈ ವಿಧೇಯತೆ ಇನ್ನೊಂದು ಕಾರಣ. ಈ ಎರಡನೆಯ ಕಾರಣವೇ ಇಂದಿನವರನ್ನು ಕಳವಳಗೊಳಿಸತಕ್ಕುದು.

ಕಥಾಸಾಹಿತ್ಯದಲ್ಲಿಯೂ ಗಣೆ ಬರುತ್ತದೆ. ಧಮ್ಮಪದದ ಅಟ್ಠಕಥೆಯ ಉಗ್ಗಸೇನನೂ ಜೈನರ ಇಲಾಪುತ್ರನೂ ಶ್ರೇಷ್ಠಿಕುಮಾರರು. ಇಬ್ಬರೂ ಆಟದ ಹುಡುಗಿಯನ್ನು ಕಂಡು ಮೋಹಗೊಂಡು ಮನೆಬಿಟ್ಟು ಮೇಳದ ಹಿಂದೆ ಹೊರಟವರು. ಉಗ್ಗಸೇನನ ಕಥೆಯಲ್ಲಿ ಹುಡುಗಿಯ ತಂದೆ ಹಣಕ್ಕೆ ಮಗಳನ್ನು ಕೊಡಲು ಒಪ್ಪುವುದಿಲ್ಲ. ಬೇಕಾದರೆ ನಮ್ಮೊಡನೆ ಅಲೆಯಲಿ ಎನ್ನುತ್ತಾನೆ. ಬಂಡಿ ಕಾಯುವ ಗಂಡನನ್ನು ಹೆಂಡತಿ ಜೋಗುಳದಲ್ಲಿಯೇ ಹಂಗಿಸಲಾಗಿ, ಅವನು ಮಾವನಿಂದ ಲಾಗವಿದ್ಯೆಯನ್ನು ಕಲಿತು ಅರವತ್ತು ಮೊಳದ ಗಣೆಯನ್ನೇರುತ್ತಾನೆ. ಆ ತುದಿಯಲ್ಲಿಯೇ ಅವನಿಗೆ ಅರ್ಹತ್ತ್ವ ಲಭಿಸುತ್ತದೆ. ಇಲಾಪುತ್ರನ ಆಟವನ್ನು ನೋಡುವ ರಾಜನು ಆ ಹುಡುಗಿಯ ಮೇಲೆ ಕಣ್ಣಿಟ್ಟು, ಅವನು ಬಿದ್ದು ಸಾಯಲೆಂಬ ಆಸೆಯಿಂದ ಬಹುಮಾನವನ್ನು ತಡೆದು ಮತ್ತೆಮತ್ತೆ ಏರಿಸುತ್ತಾನೆ. ಮೇಲಿನಿಂದ ದೂರದ ಮನೆಯೊಂದರಲ್ಲಿ ಭಿಕ್ಷೆಗೆ ನಿಂತ ನಿರ್ವಿಕಾರನಾದ ಮುನಿಯನ್ನು ಕಂಡು ಇಲಾಪುತ್ರನು ಕೇವಲಜ್ಞಾನಿಯಾಗುತ್ತಾನೆ. ಎರಡೂ ರಮಣೀಯವಾದ ಕಥೆಗಳೇ. ಆದರೆ ವಿಮರ್ಶಕನ ಕಣ್ಣಿಗೆ ಒಂದು ಕೊರತೆ ಕಾಣದಿರದು. ಗಣೆಯ ತುದಿಯಲ್ಲಿ ಜ್ಞಾನ ಪ್ರಾಪ್ತವಾಗುವುದು ಕೆಲಕಾಲದ ಹಿಂದಷ್ಟೇ ವಿದ್ಯೆಯನ್ನು ಕಲಿತ ಸೆಟ್ಟಿಯ ಮಗನಿಗೆ. ಹುಟ್ಟಿದಂದಿನಿಂದ ಅದೇ ಗಣೆಯ ಮೇಲೆ ಬೆಳೆದ ಹುಡುಗಿ ಕಥೆಯನ್ನು ಆರಂಭಿಸಿಕೊಟ್ಟು ಹಿಂದೆ ಸರಿಯುತ್ತಾಳೆ. ಆ ಹುಡುಗಿಯ ಬಾಲ್ಯವನ್ನು ಒಳಗಿನಿಂದ ಹೇಳುವ ಬರಹಕ್ಕೆ ಬಹುಕಾಲ ಕಾಯಬೇಕಾಯಿತು. ಕಿಶೋರ ಶಾಂತಾಬಾಯಿ ಕಾಳೆಯವರು ೧೯೯೪ರಲ್ಲಿ ಪ್ರಕಟಿಸಿದ ಮರಾಠಿ ಆತ್ಮಕಥೆ ಕೊಲ್ಹಾಟ್ಯಾಚ ಪೋರ ಗಣೆಯನ್ನಲ್ಲ, ತಮಾಷೆಯ ಕುಣಿತವನ್ನು ಕುರಿತುದಾದರೂ, ಆ ಸಮುದಾಯದ ತಾಯಿಮಕ್ಕಳ ಬಾಳನ್ನು ಅವರದೇ ಮಾತಿನಲ್ಲಿ ಮುಂದಿಟ್ಟಿತು.

ಈಗ ಶಿಕ್ಷಣಕ್ರಮ. ಮೊದಲ ಪಾಠ ಬೆನ್ನಿನದು. ಎಲುಬು ಎಳೆಯದಾಗಿರುವಾಗಲೇ ಮಗುವನ್ನು ಹಿಂದಕ್ಕೆ ಬಾಗಿಸಿ ಅಂಗೈಯನ್ನು ನೆಲಕ್ಕೆ ಮುಟ್ಟಿಸುವ ಅಭ್ಯಾಸ ಮಾಡಿಸುತ್ತಾರೆ; ದೊಡ್ಡವರ ಒಂದು ಕೈ ಸೊಂಟದ ಕೆಳಗೆ ಆಸರೆಯಾಗಿರುತ್ತದೆ. ಅನಂತರ ಕೈಯ ಮೇಲೆ ನಡೆಯುವುದು, ನೆಲದ ಮೇಲಿನ ಲಾಗ, ಹೆಗಲಿನಿಂದ ಹಾರುವ ಲಾಗ. ಹಗ್ಗದ ಪಾಠ ಮೊಳದೆತ್ತರದಲ್ಲಿ ಆರಂಭವಾಗುತ್ತದೆ. ಎರಡೆರಡು ಬಿದಿರುಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿ ನಿಲ್ಲಿಸಿ, ನಡುವೆ ಹಗ್ಗವನ್ನು ಬಿಗಿದು, ಅದರ ಎರಡು ತುದಿಗಳನ್ನು ನೆಲದ ಗೂಟಗಳಿಗೆ ಎಳೆದು ಕಟ್ಟುವರು. ಗೂಟ ಸಡಿಲಿದರೆ ಎಲ್ಲವೂ ಹೋಯಿತು. ಆದುದರಿಂದ ಹಗ್ಗವನ್ನು ಕಟ್ಟುವ ಕೆಲಸ ಮೇಳದ ಹಿರಿಯನದೇ. ಬರಿಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಗ್ಗವನ್ನು ಹಿಡಿದು ಹೆಜ್ಜೆಯಿಡುವುದನ್ನು ಮಗು ಮೊದಲು ಕೈಯಾಸರೆಯಿಂದ, ಆಮೇಲೆ ಕೋಲಿನಿಂದ ಕಲಿಯುತ್ತದೆ.

ಆ ಕೋಲಿನ ತತ್ತ್ವವನ್ನು ಸ್ವಲ್ಪ ವಿವರಿಸಬೇಕು. ನೋಡುವವರು ಅದನ್ನು ಊರುಗೋಲೆಂದು ಭಾವಿಸುವುದುಂಟು. ಅದು ಯಾವುದನ್ನೂ ಊರುವುದಿಲ್ಲ. ಉದ್ದವಾದ ಕೋಲು ದೇಹದಿಂದ ದೂರಕ್ಕೆ ತೂಕವನ್ನು ಹರಡುವುದರಿಂದ ದೇಹ ಒಂದು ಕಡೆಗೆ ಉರುಳುವ ವೇಗ ಕಡಮೆಯಾಗುತ್ತದೆ. ಬೀಳುವಿಕೆ ನಿಧಾನವಾದಷ್ಟೂ ತಿದ್ದಿಕೊಳ್ಳಲು ವೇಳೆ ಹೆಚ್ಚು. ವಾಲಿದ ಕಡೆಗೇ ಕೋಲನ್ನು ತಿರುಗಿಸಿದರೆ ದೇಹ ಪ್ರತಿಕ್ರಿಯೆಯಿಂದ ಎದುರು ದಿಕ್ಕಿಗೆ ತಿರುಗಿ ನೆಟ್ಟಗಾಗುತ್ತದೆ. ಕೋಲಿನ ತುದಿಗಳು ಬಾಗಿ ಜೋತಿದ್ದರೆ ಗುರುತ್ವಕೇಂದ್ರ ಕೆಳಕ್ಕಿಳಿಯುವುದರಿಂದ ಮತ್ತಷ್ಟು ಅನುಕೂಲ. ಈ ಲೆಕ್ಕವನ್ನು ಮಗುವಿಗೆ ಯಾರೂ ಹೇಳಿಕೊಡುವುದಿಲ್ಲ. ಪಾದಕ್ಕೂ ಒಳಗಿವಿಗೂ ಅದು ಅಭ್ಯಾಸದಿಂದ ತಿಳಿಯುತ್ತದೆ. ತಲೆಯ ಮೇಲೆ ಚೆಂಬುಗಳನ್ನು ಪೇರಿಸಿ ನಡೆಯುವುದು, ಪಾದದಡಿಗೆ ತಟ್ಟೆಯನ್ನೋ ಬೈಸಿಕಲ್ಲಿನ ಚಕ್ರದ ಬಳೆಯನ್ನೋ ಇಟ್ಟು ಸರಿಯುವುದು ಮುಂದಿನ ಮೆಟ್ಟಿಲು. ಕೆಳಗೆ ಬಾರಿಸುವ ಡೋಲು ಜನರನ್ನು ಸೇರಿಸುವುದಕ್ಕೆಂದು ತೋರಿದರೂ ಮಗುವಿನ ಹೆಜ್ಜೆಗೆ ಅದೇ ಲಯ. ಹೆಜ್ಜೆ ತಡವರಿಸಿದಾಗ ಡೋಲಿನವನು ಗತಿಯನ್ನು ನಿಧಾನಗೊಳಿಸುತ್ತಾನೆ. ಸೇದಕದ ಗುರುವಿನ ಮಾತಿಗೂ ಇಲ್ಲಿ ಸ್ವಲ್ಪ ಎಡೆಯಿದೆಯೆಂದಾಯಿತು.

ಮೇಳಗಳ ಸಂಚಾರ ಋತುವನ್ನು ಅನುಸರಿಸಿದುದು. ಸುಗ್ಗಿ ಮುಗಿದು ರೈತನ ಮನೆಯಲ್ಲಿ ಜೋಳ ಕಾಣುವ ಕಾಲವೂ ಜಾತ್ರೆಗಳ ಕಾಲವೂ ಒಂದೇ. ಶಿವರಾತ್ರಿಯ ಸುಮಾರಿಗೆ ಔರಾದದ ಅಮರೇಶ್ವರನ ಜಾತ್ರೆ, ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ ಮೊದಲಾದುವು ಈ ಸೀಮೆಯ ಜನ ಕೂಡುವ ಸಂದರ್ಭಗಳು. ಮಳೆಗಾಲದಲ್ಲಿ ಹಗ್ಗ ನೆನೆಯುತ್ತದೆ, ಗೂಟ ನಿಲ್ಲದು, ಜನರೂ ಹೊಲದಲ್ಲಿರುತ್ತಾರೆ. ಕುಶೀಲವರು ಮಳೆಗಾಲದಲ್ಲಿ ಒಂದೆಡೆ ನೆಲಸಿರತಕ್ಕುದೆಂದು ಕೌಟಿಲ್ಯನು ವಿಧಿಸಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಅರ್ಥಶಾಸ್ತ್ರದಲ್ಲಿ ನಟನರ್ತಕರ ಜೊತೆಗೆ ಪ್ಲವಕರೆಂಬ ಲಾಗಗಾರರ ಹೆಸರೂ ಉಂಟು. ಹೊರನಾಡಿನಿಂದ ಬಂದ ಮೇಳ ಪ್ರತಿ ಪ್ರದರ್ಶನಕ್ಕೆ ಐದು ಪಣಗಳನ್ನು ಸುಂಕವಾಗಿ ತೆರಬೇಕೆಂಬ ನಿಯಮವೂ ಉಂಟು. ಸುಂಕ ವಿಧಿಸಿದನೆಂದರೆ ವೃತ್ತಿಯೆಂದು ಒಪ್ಪಿದನೆಂದೇ ಅರ್ಥ.

ಸರ್ಕಸ್ಸು ಬೇರೆಯ ವಂಶದ್ದು. ೧೭೬೮ರಲ್ಲಿ ಲಂಡನ್ನಿನಲ್ಲಿ ಆಸ್ಟ್ಲಿಯೆಂಬ ಸವಾರನು ವರ್ತುಲದಲ್ಲಿ ಕುದುರೆಗಳನ್ನು ಓಡಿಸಿ ಆರಂಭಿಸಿದ ಆಟ ಅದು. ೪೨ ಅಡಿಯ ಆ ವರ್ತುಲವೇ ಇಂದಿಗೂ ಅಳತೆಯಾಗಿ ನಿಂತಿದೆ. ಇಟಲಿಯ ಕಿಯಾರಿನಿಯ ಕಂಪನಿ ಮುಂಬಯಿಗೆ ಬಂದುದನ್ನು ಕಂಡು ವಿಷ್ಣುಪಂತ ಛತ್ರೆಯವರು ಕಟ್ಟಿದ ಗ್ರೇಟ್ ಇಂಡಿಯನ್ ಸರ್ಕಸ್ಸಿನ ಮೊದಲ ಪ್ರದರ್ಶನ ೧೮೮೦ರ ಮಾರ್ಚ್ ೨೦ರಂದು ನಡೆಯಿತು. ಛತ್ರೆಯವರ ಸಂಪರ್ಕದಿಂದ ತಲಶ್ಶೇರಿಯ ಕೀಲೇರಿ ಕುಞಿಕಣ್ಣನ್ ಗುರುಗಳು ಸರ್ಕಸ್ಸಿನ ಶಿಕ್ಷಣಕ್ಕೆ ತೊಡಗಿ ೧೯೦೧ರಲ್ಲಿ ಶಾಲೆಯನ್ನು ಸ್ಥಾಪಿಸಿದರು. ಕಳರಿಯಲ್ಲಿ ಪಳಗಿದ ಮಲಬಾರಿನ ತರುಣರು ಆ ಶಾಲೆಯಿಂದ ದೇಶದ ಸರ್ಕಸ್ಸುಗಳನ್ನೆಲ್ಲ ತುಂಬಿದರು. ಮರಾಠಿಯ ಯಜಮಾನ, ಮಲಬಾರಿನ ಗುರು, ಹೀಗೆ ಭಾರತೀಯ ಸರ್ಕಸ್ಸು ಬೆಳೆಯಿತು. ಸಾವಿರಾರು ವರ್ಷಗಳ ಹಗ್ಗದ ವಿದ್ಯೆಯುಳ್ಳ ಡೊಂಬನು ಗುಡಾರದ ಹೊರಗೇ ಉಳಿದನು. ಗುಡಾರದೊಳಗೆ ಬಲೆಯಿತ್ತು, ದೀಪವಿತ್ತು, ಚೀಟಿಯಿತ್ತು.

ಆದರೆ ಗುಡಾರದೊಳಗಿನ ಮಕ್ಕಳ ಸ್ಥಿತಿ ಹೊರಗಿನವರದಕ್ಕಿಂತ ಮೇಲಾಗಿತ್ತೆಂದು ಹೇಳುವಂತಿಲ್ಲ. ಮುಂಗಡ ಕೊಟ್ಟು ಬಡ ತಂದೆತಾಯಿಗಳಿಂದ ಮಕ್ಕಳನ್ನು ಪಡೆದು, ನೇಪಾಳದಿಂದಲೂ ತಂದು, ವರ್ಷಗಟ್ಟಲೆ ಮನೆಗೆ ಬಿಡದೆ ದುಡಿಸಿದ ಸಂಗತಿಗಳು ಬಚಪನ್ ಬಚಾವೋ ಆಂದೋಲನ ಸಂಸ್ಥೆಯು ೨೦೦೬ರಲ್ಲಿ ಹೂಡಿದ ಅರ್ಜಿಯ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಬಂದವು. ೨೦೧೧ರ ಏಪ್ರಿಲ್ ೧೮ರಂದು ನ್ಯಾಯಾಲಯವು ಸರ್ಕಸ್ಸುಗಳಲ್ಲಿ ಮಕ್ಕಳನ್ನು ನೇಮಿಸುವುದನ್ನು ನಿಷೇಧಿಸತಕ್ಕುದೆಂದೂ, ಅಲ್ಲಿರುವವರನ್ನು ಬಿಡಿಸಿ ಪುನರ್ವಸತಿಗೊಳಿಸತಕ್ಕುದೆಂದೂ ಸರಕಾರಕ್ಕೆ ಆದೇಶಿಸಿತು. ಈ ತೀರ್ಪಿನ ಔಚಿತ್ಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ತಂದೆಯ ಕಣ್ಣೆದುರು ಕಲಿಯುವ ಮಗುವಿಗೂ ಮುಂಗಡಕ್ಕೆ ಒತ್ತೆಬಿದ್ದ ಮಗುವಿಗೂ ಇರುವ ಅಂತರ ದೊಡ್ಡದು.

ಅದೇ ಅಂತರವನ್ನು ಶಾಸನ ಹೇಗೆ ಕಾಣುತ್ತದೆಂಬುದು ಮುಂದಿನ ಪ್ರಶ್ನೆ. ೧೯೮೬ರ ಬಾಲಕಾರ್ಮಿಕ ಕಾಯಿದೆಗೆ ೨೦೧೬ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ೧೪ ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ನೇಮಿಸಕೂಡದು. ಅದಕ್ಕೆ ಎರಡು ವಿನಾಯಿತಿಗಳುಂಟು. ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಅಪಾಯಕರವಲ್ಲದ ಕುಟುಂಬದ ಉದ್ಯೋಗಕ್ಕೆ ಮಗು ನೆರವಾಗಬಹುದು. ಚಲನಚಿತ್ರ, ದೂರದರ್ಶನ ಮೊದಲಾದ ದೃಶ್ಯಶ್ರಾವ್ಯ ಮನರಂಜನೆಗಳಲ್ಲಿಯೂ ಕ್ರೀಡೆಗಳಲ್ಲಿಯೂ ಕಲಾವಿದನಾಗಿ ಭಾಗವಹಿಸಬಹುದು, ಆದರೆ ಸರ್ಕಸ್ಸಿನಲ್ಲಿ ಕೂಡದು. ಹೀಗಾಗಿ ಡೊಂಬರ ಮಗು ಮೊದಲನೆಯ ವಿನಾಯಿತಿಯಿಂದ ಅಪಾಯದ ಕಾರಣಕ್ಕೂ ಎರಡನೆಯದರಿಂದ ಆಟದ ಜಾತಿಯ ಕಾರಣಕ್ಕೂ ಹೊರಗಾಗುತ್ತದೆ. ದೊಡ್ಡವರ ಪಾಡೂ ಸುಗಮವಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿ ೧೯೫೯ರ ಮುಂಬಯಿ ಭಿಕ್ಷಾಟನ ನಿಷೇಧ ಕಾಯಿದೆ ಹಾಡಿಯೋ ಕುಣಿದೋ ಆಟ ತೋರಿಸಿಯೋ ಬೀದಿಯಲ್ಲಿ ಹಣ ಪಡೆಯುವುದನ್ನೂ ಭಿಕ್ಷೆಯ ವ್ಯಾಖ್ಯೆಯೊಳಗೆ ಸೇರಿಸಿತು. ಕೌಟಿಲ್ಯನ ಪ್ಲವಕನೂ ಕಲ್ಯಾಣದ ಬಹುರೂಪಿಯೂ ಈ ವ್ಯಾಖ್ಯೆಯಿಂದ ಭಿಕ್ಷುಕರಾಗುತ್ತಿದ್ದರು.

ಇತ್ತ ಮಲ್ಲಕಂಬದ ಭಾಗ್ಯ ಬೇರೆಯಾಯಿತು. ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರರು ಪುನರುಜ್ಜೀವಿಸಿದ ಈ ಸಾಧನೆ ೧೯೮೧ರಲ್ಲಿ ಉಜ್ಜಯಿನಿಯಲ್ಲಿ ರಾಷ್ಟ್ರೀಯ ಸ್ಪರ್ಧೆಯಾಗಿ, ೨೦೨೨ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಸ್ಥಾನ ಪಡೆಯಿತು. ಕರ್ನಾಟಕದಲ್ಲಿ ಲಕ್ಷ್ಮೇಶ್ವರವು ಇದಕ್ಕೆ ಹೆಸರಾದ ಊರು. ನೆಟ್ಟ ಕಂಬ, ಕೆಳಗೆ ಹಾಸು, ಪಕ್ಕದಲ್ಲಿ ತರಬೇತುದಾರ, ಕೊನೆಗೆ ಪ್ರಶಸ್ತಿಪತ್ರ ಇವೆಲ್ಲ ಅಲ್ಲಿಯ ಮಗುವಿಗುಂಟು. ಹತ್ತು ವರ್ಷದ ಬಾಲಕಿ ತೂಗುವ ಹಗ್ಗದ ಮೇಲೆ ಮಾಡುವ ಆಸನವನ್ನು ಕ್ರೀಡೆಯೆಂದೂ, ಅದೇ ವಯಸ್ಸಿನ ಬಾಲಕಿ ಬಿಗಿದ ಹಗ್ಗದ ಮೇಲೆ ಇಡುವ ಹೆಜ್ಜೆಯನ್ನು ಅಪರಾಧವೆಂದೂ ಎಣಿಸುವುದಕ್ಕೆ ಹಾಸಿನ ಇರವೂ ಶಾಲೆಯ ಇರವೂ ನ್ಯಾಯವಾದ ಕಾರಣಗಳೇ. ಹಾಗಾದರೆ ನಿಷೇಧಿಸಬೇಕಾದುದು ಹಾಸಿಲ್ಲದಿರುವಿಕೆಯನ್ನು, ವಿದ್ಯೆಯನ್ನಲ್ಲ. ಲಾಗವನ್ನು ಕಲಿತು ಬಂದ ಮಕ್ಕಳನ್ನು ಶಾಲೆಯ ವ್ಯಾಯಾಮಶಿಕ್ಷಣದಲ್ಲಿ ಮುಂದಕ್ಕೆ ತರುವುದೂ, ಅವರ ಹಿರಿಯರನ್ನು ಆ ಶಿಕ್ಷಣಕ್ಕೆ ವಸ್ತಾದರನ್ನಾಗಿ ತೆಗೆದುಕೊಳ್ಳುವುದೂ ಅಸಾಧ್ಯವಾದ ಕಾರ್ಯಗಳಲ್ಲ. ಮಲಬಾರಿನಲ್ಲಿ ಕಳರಿಯ ಗುರುವಿಗೆ ದೊರೆತುದು ಇದೇ ಮನ್ನಣೆ.

ಬೀದರ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ೧೯೫೬ರಲ್ಲಿ ಹೈದರಾಬಾದು ಸಂಸ್ಥಾನದ ಪ್ರದೇಶಗಳು ಹಂಚಿಹೋದಾಗ ಹಳೆಯ ಬೀದರ ಜಿಲ್ಲೆಯೇ ಮೂರು ಪಾಲಾಯಿತು: ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ, ಉದಗೀರ, ನಿಲಂಗಾಗಳು ಮುಂಬಯಿಗೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ. ಮೇಳಗಳ ದಾರಿ ಗಡಿಗಳನ್ನು ಲಕ್ಷಿಸುವುದಿಲ್ಲ, ದಾಖಲೆಗಳು ಲಕ್ಷಿಸುತ್ತವೆ. ಕರ್ನಾಟಕದಲ್ಲಿ ಡೊಂಬರ ಎಂಬ ಹೆಸರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಮಹಾರಾಷ್ಟ್ರದಲ್ಲಿ ಡೊಂಬಾರಿ, ಕೊಲ್ಹಾಟಿಗಳು ಭಟಕ್ಯಾ, ಅಂದರೆ ಅಲೆಮಾರಿ, ಬುಡಕಟ್ಟುಗಳ ಪಟ್ಟಿಯಲ್ಲಿವೆ. ತೆಲಂಗಾಣದಲ್ಲಿ ದೊಮ್ಮರ ಎಂಬುದು ಹಿಂದುಳಿದ ವರ್ಗಗಳ ಮೊದಲ ಗುಂಪಿಗೆ ಸೇರಿದೆ. ಔರಾದದಿಂದ ಉದಗೀರದ ಸಂತೆಗೆ ಹೋಗಿ ಅಲ್ಲಿಂದ ನಾರಾಯಣಖೇಡಕ್ಕೆ ಇಳಿಯುವ ಕುಟುಂಬಕ್ಕೆ ಮೂರು ಊರುಗಳಲ್ಲಿ ಮೂರು ಜಾತಿಪತ್ರಗಳ ಪ್ರಶ್ನೆ ಏಳುತ್ತದೆ. ಮಗುವಿಗೆ ಮೂರು ಲಿಪಿಗಳ ಪ್ರಶ್ನೆ. ವಲಸೆಯ ಕಾರ್ಮಿಕರ ಮಕ್ಕಳಿಗಾಗಿ ಕರ್ನಾಟಕ ಸರಕಾರ ನಡೆಸಿದ ಟೆಂಟು ಶಾಲೆಗಳ ವ್ಯವಸ್ಥೆ ಕೆಲಸದ ಸ್ಥಳದಲ್ಲಿ ತಿಂಗಳುಗಟ್ಟಲೆ ನಿಲ್ಲುವವರಿಗೆ ಒಗ್ಗಿತು. ಎರಡು ದಿನಕ್ಕೊಮ್ಮೆ ಗೂಟ ಕೀಳುವವರಿಗೆ ಅದು ಒಗ್ಗುವುದಿಲ್ಲ. ಅವರು ಒಂದೆಡೆ ನಿಲ್ಲುವ ಕಾಲ ಮಳೆಗಾಲ. ಶಾಲೆಯ ವರ್ಷವೂ ಆಗಲೇ ಆರಂಭವಾಗುವುದರಿಂದ ಮಕ್ಕಳ ಹೆಸರು ಹಾಜರಿಪುಸ್ತಕಕ್ಕೆ ಸೇರುತ್ತದೆ. ಸುಗ್ಗಿಯ ಹೊತ್ತಿಗೆ ಆ ಹೆಸರಿನ ಮುಂದಿನ ಕೋಣೆಗಳು ಖಾಲಿಯಾಗುತ್ತವೆ. ಋತುಮಾನದ ವಸತಿಶಾಲೆಗಳನ್ನು ಮಾಘದಿಂದ ವೈಶಾಖದವರೆಗೆ ತೆರೆದಿಡಬೇಕಾದುದು ಈ ಕಾರಣದಿಂದಲೇ. ಅದೂ ಬೀದರ ನಗರದಲ್ಲಲ್ಲ, ಭಾಲ್ಕಿ ಮತ್ತು ಔರಾದಗಳಲ್ಲಿ, ಮಕ್ಕಳ ಅಜ್ಜಅಜ್ಜಿಯರು ಉಳಿಯುವ ಊರುಗಳ ಹತ್ತಿರ.